ಉಬ್ಬರ ಇಳಿತದ ಹಾಳೆ

17 ಜುಲೈ 2016, ಭಾನುವಾರ. ಪರ್ತ್

ಗಣಿಯಲ್ಲಿ ಕಲ್ಲಿನ ಬಣ್ಣ, ಗಟ್ಟಿತನ ಗುರುತು ಹಾಕಿಕೊಳ್ಳಲು ನಮಗೆ ಕೊಡುವ ಹಳದಿ ಪುಸ್ತಕ ಇದು. ಒಂದು ಹೊಸದು ಬ್ಯಾಗಿನಲ್ಲಿ ಮನೆಗೆ ಬಂದುಬಿಟ್ಟಿತ್ತು. ಇನ್ನು ಮೇಲೆ ಇದರಲ್ಲಿ ನನ್ನ ವಿಷಯ ಬರೆಯುತ್ತೇನೆ. ಕನ್ನಡದಲ್ಲಿ ಬರೆದರೆ ಗಣಿಯ ಸೈಟಿನಲ್ಲಿ ಯಾರಿಗೂ ಓದಲು ಬರುವುದಿಲ್ಲ. ಹೆಂಡತಿ ಸುಲೋಚನಾಗೆ ಬರುತ್ತದೆ, ಆದರೆ ನನ್ನ ಅಕ್ಷರಕ್ಕೆ ಆಕೆ ಮದುವೆಯಾದ ವರ್ಷವೇ ಕೈಮುಗಿದಿದ್ದಾಳೆ.

ಬರೆಯಲು ಕಾರಣವಿದೆ. ಊಟವಾದ ಮೇಲೆ ದ್ವೀಪದ ಫೋಟೋಗಳನ್ನು ಫೋನಿನಿಂದ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಜುಲೈ ಆರರ ಬೆಳಿಗ್ಗೆ ಎಂಟು ನಲವತ್ತಕ್ಕೆ ತೆಗೆದ ಒಂದು ಫೋಟೋ ಬಂತು. ನಾವು ಉಳಿದಿದ್ದ ಗುಡಿಸಲಿನ ಮೆಟ್ಟಿಲ ಮೇಲೆ ನನ್ನ ಮಗಳು ಪೂರ್ವಿ. ಪಕ್ಕದಲ್ಲಿ ಸಂಕೇತ, ಬರುವ ವರ್ಷ ಅವಳನ್ನು ಮದುವೆಯಾಗಬೇಕಿರುವ ಹುಡುಗ. ಇಬ್ಬರ ಕೈಯಲ್ಲೂ ಅವಲಕ್ಕಿ ತಟ್ಟೆ. ಹಿಂದೆ ಸಮುದ್ರ ಕೊನೆಯ ಮೆಟ್ಟಿಲು ಮುಟ್ಟುವಷ್ಟು ತುಂಬಿ ನಿಂತಿದೆ.

ಆ ಹೊತ್ತಿಗೆ ಅಲ್ಲಿ ಅಷ್ಟು ನೀರು ಇರಬಾರದಿತ್ತು. ನನ್ನ ಹಾಳೆಯ ಪ್ರಕಾರ ಅವತ್ತು ಉಬ್ಬರ ಹನ್ನೊಂದೂವರೆಗೆ.

ಹಾಳೆ ಎಂದರೆ ಉಬ್ಬರ ಇಳಿತದ ಪಟ್ಟಿ. ನಾವು ಸರ್ಫಿಂಗಿಗೆ, ಹಲಗೆಯ ಮೇಲೆ ನಿಂತು ಅಲೆ ಏರಲು, ಹೋಗಿದ್ದು ಸುಮಾತ್ರಾದ ಆಚೆಗಿನ ಒಂದು ಸಣ್ಣ ದ್ವೀಪಕ್ಕೆ. ಎರಡು ವಿಮಾನ, ಮೇಲೆ ದೋಣಿಯಲ್ಲಿ ಒಂಬತ್ತು ಗಂಟೆ. ಅಲ್ಲಿ ಅಲೆ ಒಡೆಯುವುದು ಮರಳಿನ ಮೇಲಲ್ಲ, ಹವಳದ ಬಂಡೆಯ ಮೇಲೆ. ಉಬ್ಬರದಲ್ಲಿ ಬಂಡೆಯ ಮೇಲೆ ಆಳುದ್ದ ನೀರು, ಇಳಿತದಲ್ಲಿ ಮೊಣಕಾಲುದ್ದವೂ ಇರುವುದಿಲ್ಲ. ಹಾಗಾಗಿ ಗಂಟೆ ಮುಖ್ಯ. ಜೂನಿನಲ್ಲಿ ಬ್ರಿಸ್ಬೇನಿಗೆ ಹೋಗಿದ್ದಾಗ ಪೂರ್ವಿಯ ಲ್ಯಾಪ್‌ಟಾಪಿನಲ್ಲಿ ನೋಡಿ ಹತ್ತು ದಿನಗಳ ಪಟ್ಟಿ ಮಾಡಿದ್ದೆ. ಮೂರು ಪ್ರತಿ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದೆ. "ಅಪ್ಪಾ, ಇದು ಮೈನ್ ಸೈಟ್ ಅಲ್ಲ!" ಎಂದು ಮಗಳು ನಕ್ಕಿದ್ದಳು.

ಇವತ್ತು ಅದೇ ವೆಬ್‌ಸೈಟನ್ನು ಇಲ್ಲಿ ತೆರೆದೆ. ಜುಲೈ ಆರು, ಉಬ್ಬರ ಒಂಬತ್ತೂವರೆ ಎಂದಿತು. ಎರಡು ಗಂಟೆ ವ್ಯತ್ಯಾಸ. ಈ ಎರಡು ಗಂಟೆ ನನಗೆ ಚೆನ್ನಾಗಿ ಗೊತ್ತು. ಮಗಳು ಓದಲು ಬ್ರಿಸ್ಬೇನಿಗೆ ಹೋದಾಗಿನಿಂದ ಫೋನ್ ಮಾಡುವ ಮೊದಲು ಕೂಡಿಸಿಕೊಳ್ಳುವ ಎರಡು ಗಂಟೆ ಅದು. ಆ ವೆಬ್‌ಸೈಟು ತೋರಿಸುವುದು ದ್ವೀಪದ ಗಂಟೆಯನ್ನಲ್ಲ, ನೋಡುವವನ ಕಂಪ್ಯೂಟರು ಯಾವ ಊರಿನಲ್ಲಿದೆಯೋ ಆ ಊರಿನ ಗಂಟೆಯನ್ನು. ದ್ವೀಪವಂತೂ ಪರ್ತಿಗಿಂತ ಇನ್ನೂ ಒಂದು ಗಂಟೆ ಹಿಂದೆ. ಅಂದರೆ ಅಲ್ಲಿ ಉಬ್ಬರ ಬೆಳಿಗ್ಗೆ ಎಂಟೂವರೆಗೇ ಆಗಿಹೋಗಿತ್ತು.

ಹಾಳೆಯಲ್ಲಿ ಮೂರು ಗಂಟೆ ತಪ್ಪಾಗಿದೆ. ಸಂಕೇತ ಬಂಡೆಯ ಮೇಲೆ ಬಿದ್ದದ್ದು ಮಧ್ಯಾಹ್ನ ಒಂದು ಗಂಟೆ ಐದು ನಿಮಿಷಕ್ಕೆ, ನೀರು ಇಳಿದ ಹೊತ್ತಿಗೆ.

ಸುಲೋಚನಾ ಕಾಫಿ ತಂದಳು. ಕಂಪ್ಯೂಟರು ಮುಚ್ಚಿದೆ.

18 ಜುಲೈ, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ಗಣಿಯಲ್ಲಿ ಯಾರಿಗಾದರೂ ಪೆಟ್ಟಾದರೆ ನಾವು ಮಾಡುವುದೂ ಅದನ್ನೇ.

ಬೆಳಿಗ್ಗೆ ಆ ಹುಡುಗ ಮೆಟ್ಟಿಲ ಮೇಲೆ ನಿಂತು ನೀರು ನೋಡಿ, "ಅಂಕಲ್, ಈಗ್ಲೇ ತುಂಬಿರೋ ಹಾಗಿದೆ. ಇಳಿಯೋಣ್ವಾ?" ಎಂದ. ನಾನು ಹಾಳೆ ಎತ್ತಿ ತೋರಿಸಿದೆ. "ಇನ್ನೂ ಟೈಮಿದೆ ಕಣಪ್ಪಾ. ಕೂತ್ಕೊಂಡು ಅವಲಕ್ಕಿ ತಿನ್ನು." ಕೂತ. ದೊಡ್ಡವರ ಮಾತು ಮೀರುವ ಹುಡುಗನಲ್ಲ.

ಹತ್ತೂವರೆಗೆ ಇಳಿದೆವು. ಅಲೆಗಳ ವಿಷಯ ಬರೆಯದಿದ್ದರೆ ಸುಳ್ಳಾಗುತ್ತದೆ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಮಗಳಿಂದ ಹಲಗೆ ಮೇಲೆ ನಿಲ್ಲಲು ಕಲಿತವನು ನಾನು. ಸಂಡೂರಿನ ಕೆಂಪು ಧೂಳಿನಲ್ಲಿ ಬೆಳೆದು, ಇಲ್ಲಿಯೂ ಅದೇ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರು ಹುಡುಕುವವನು. ನೀರೆಂದರೆ ಬೋರ್‌ವೆಲ್ಲಿನದು ಎಂದುಕೊಂಡಿದ್ದವನು. ಅವತ್ತು ಒಂದು ಅಲೆ ನನ್ನನ್ನು ಎತ್ತಿಕೊಂಡು ಹೋಯಿತು. ನಿಂತಿದ್ದೆ. ಕೆಳಗೆ ಹವಳ ಹಳದಿಯಾಗಿ, ನೇರಳೆಯಾಗಿ ಓಡುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುತ್ತಿದೆಯಲ್ಲ, ನೀರು ಎಷ್ಟು ತಿಳಿ ಎಂದು ಖುಷಿಪಟ್ಟೆ. ಕಲ್ಲು ಓದುವುದೇ ನನ್ನ ಉದ್ಯೋಗ. ಅದು ಹತ್ತಿರ ಬರುತ್ತಿದೆ ಎಂದು ಹೊಳೆಯಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ ನಾನೂ ಪೂರ್ವಿಯೂ ಸುಸ್ತಾಗಿ ದೋಣಿ ಹತ್ತಿದೆವು. "ಸಂಕೇತಾ, ಬಾರಪ್ಪಾ!" ಎಂದು ಕೂಗಿದೆ. ಅವನು ಒಂದು ಬೆರಳು ತೋರಿಸಿದ. ಇನ್ನೊಂದೇ ಅಲೆ ಎಂದು. ದೋಣಿಯ ಮುದುಕ ನೀರು ನೋಡಿ ತಲೆ ಆಡಿಸಿ ಶಿಳ್ಳೆ ಹಾಕತೊಡಗಿದ. ನಾನು ಅವನಿಗೂ ಹಾಳೆ ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲವೇನೋ. ಪ್ಲಾಸ್ಟಿಕ್ ಹೊದಿಸಿದ ಕಾಗದಕ್ಕೆ ಎಲ್ಲ ಊರಿನಲ್ಲೂ ಮರ್ಯಾದೆ. ಶಿಳ್ಳೆ ನಿಲ್ಲಿಸಿದ.

ಆಮೇಲೆ ಅವನ ಬಲಗಾಲಿನ ಒಡೆದ ಮಂಡಿ, ದೋಣಿಯಲ್ಲಿ ಒಂಬತ್ತು ಗಂಟೆ, ಗಾಯದೊಳಗೆ ಹವಳದ ಚೂರು, ಜ್ವರ, ಅವನ ಊರಾದ ಅಡಿಲೇಡಿನ ಆಸ್ಪತ್ರೆ. ಅಲ್ಲಿ ಅವನ ತಂದೆ ಶಿವರುದ್ರಪ್ಪನವರು ಏನಾಯಿತೆಂದು ಕೇಳಿದಾಗ ಹೇಳಿದೆ: "ಬಾ ಬಾ ಅಂತ ಕೂಗಿದೆ ಸ್ವಾಮಿ. ಇನ್ನೊಂದು ಅಲೆ ಅಂತ ಉಳ್ಕೊಂಡ. ಬಂಡೆ ಕಡೆ ತುಂಬಾ ಒಳಗೆ ಬಂದ್ಬಿಟ್ಟ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೂಗಿದ್ದು ಊಟಕ್ಕೆ ಎಂದು ಮಾತ್ರ ಹೇಳಲಿಲ್ಲ. ಮತ್ತು ಆಗ ಹಾಳೆಯ ವಿಷಯ ನನಗೆ ಗೊತ್ತಿರಲಿಲ್ಲ. ಈ ವಾಕ್ಯಕ್ಕೆ ಅಡಿಗೆರೆ ಎಳೆದಿದ್ದೇನೆ.

29 ಜುಲೈ, ಶುಕ್ರವಾರ. ಸೈಟು

ಪೂರ್ವಿ ಫೋನ್ ಮಾಡಿದ್ದಳು. ಸಂಕೇತನ ಜೊತೆ ಮಾತು ಬಿಟ್ಟಿದ್ದಾಳಂತೆ. "ನೀನು ಕರೆದ್ರೂ ಬರಲಿಲ್ಲ ಅಪ್ಪಾ. ಅವನನ್ನ ಎಳ್ಕೊಂಡು ಬರೋಕೆ ನೀನು ಆ ಬಂಡೆ ಮೇಲೆ ಹೋದೆ. ನಿನಗೇನಾದ್ರೂ ಆಗಿದ್ರೆ? ಐ ಕಾಂಟ್ ಫರ್ಗಿವ್ ದಟ್." ನಾನು ಹೋಗಿದ್ದು ನಿಜ. ನನ್ನ ಅಂಗಾಲಿನಲ್ಲೂ ಹನ್ನೊಂದು ಹೊಲಿಗೆ ಇದೆ.

"ದುಡುಕಬೇಡ ಮಗಾ" ಎಂದೆ. ಅಷ್ಟೇ ಎಂದೆ.

ಹಾಳೆಯನ್ನು ಜೊತೆಗೇ ತಂದಿದ್ದೆ. ಕೋಣೆಯಲ್ಲಿ ಹರಿಯಲು ನೋಡಿದೆ. ಲ್ಯಾಮಿನೇಟ್ ಮಾಡಿದ್ದು ಕೈಯಲ್ಲಿ ಹರಿಯುವುದಿಲ್ಲ.

13 ಆಗಸ್ಟ್, ಶನಿವಾರ. ಬ್ರಿಸ್ಬೇನ್

ನಿನ್ನೆ ವರಮಹಾಲಕ್ಷ್ಮಿ. ಸುಲೋಚನಾ ಒಬ್ಬಟ್ಟು, ಕುಪ್ಪಸದ ಕಣ, ಅರಿಶಿನ ಕುಂಕುಮ ಎಲ್ಲ ಕಟ್ಟಿ, "ಮಗಳಿಗೆ ಕೊಟ್ಟು ಎರಡು ಒಳ್ಳೇ ಮಾತು ಹೇಳಿ ಬನ್ನಿ" ಎಂದು ಕಳಿಸಿದಳು. ನಾನು ಹೊರಟಿದ್ದು ಒಂದೇ ಮಾತು ಹೇಳಲು. ವಿಮಾನದಲ್ಲಿ ಅದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಭ್ಯಾಸ ಮಾಡಿಕೊಂಡೆ.

ಇಂಡೂರೂಪಿಲ್ಲಿಯಲ್ಲಿ ಅವಳ ಮನೆ. ಬಾಲ್ಕನಿಯಲ್ಲಿದ್ದ ಸರ್ಫ್ ಹಲಗೆ ಇರಲಿಲ್ಲ. ಮಾರಿದಳಂತೆ. ಒಬ್ಬಟ್ಟು ತಿನ್ನುತ್ತಾ, "ಇನ್ನು ಸಮುದ್ರ ಸಾಕು" ಎಂದಳು. ಆರು ವರ್ಷದವಳಿದ್ದಾಗ ಈ ದೇಶಕ್ಕೆ ಬಂದವಳು. ಬಂದ ವಾರವೇ ಸಮುದ್ರ ನೋಡಿ ಮನೆಗೆ ಬರುವುದಿಲ್ಲವೆಂದು ಮರಳಿನ ಮೇಲೆ ಮಲಗಿಬಿಟ್ಟಿದ್ದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಫ್ರಿಜ್ಜಿನ ಬಾಗಿಲು ಕಣ್ಣಿಗೆ ಬಿತ್ತು. ಹಾಳೆ. ಅವಳ ಪ್ರತಿ. ಮೂಲೆಯಲ್ಲಿ ಮಾರ್ಕರಿನಿಂದ ಏನೋ ಬರೆದು, ಆಯಸ್ಕಾಂತ ಇಟ್ಟು ಅಂಟಿಸಿದ್ದಾಳೆ. ಓದಿದೆ. "ಡ್ಯಾಡ್ಸ್ ಮಾಸ್ಟರ್‌ಪೀಸ್."

"ಆ ಟ್ರಿಪ್ಪಲ್ಲಿ ಸರಿಯಾಗಿ ಕೆಲಸ ಮಾಡಿದ್ದು ನೀನೊಬ್ನೇ ಅಪ್ಪಾ" ಎಂದಳು.

ಒಬ್ಬಟ್ಟು ಚೆನ್ನಾಗಿದೆ, ಇನ್ನೊಂದು ಹಾಕು ಎಂದೆ.

14 ಆಗಸ್ಟ್, ಭಾನುವಾರ

ಅವಳು ಸ್ನಾನಕ್ಕೆ ಹೋದಾಗ ಹಾಳೆಯನ್ನು ಫ್ರಿಜ್ಜಿನಿಂದ ತೆಗೆದು ಬಟ್ಟೆಯ ನಡುವೆ ಇಟ್ಟುಕೊಂಡೆ. ಆಯಸ್ಕಾಂತವನ್ನು ಅದರ ಜಾಗದಲ್ಲೇ ಬಿಟ್ಟೆ. ಐವತ್ತೆರಡು ವರ್ಷಕ್ಕೆ ಮಗಳ ಮನೆಯಲ್ಲಿ ಕಳ್ಳತನ. ಅವಳಿಗೆ ಆ ಹಾಳೆ ನೋಡಿದಾಗೆಲ್ಲ ನೋವಾಗಬಾರದು ಎಂದು ತೆಗೆದೆ.

ಸುಳ್ಳು ಬರೆದಿದ್ದೇನೆ. ಪುಟ ಹರಿದು ಹಾಕುವುದಿಲ್ಲ, ಇರಲಿ.

ಮೂರನೆಯ ಪ್ರತಿ ಆ ಹುಡುಗನ ಚಡ್ಡಿಯ ಜೇಬಿನಲ್ಲಿತ್ತು. ಆಸ್ಪತ್ರೆಯಲ್ಲಿ ಚಡ್ಡಿಯನ್ನು ಕತ್ತರಿಸಿ ಎಸೆದರೆಂದು ಅವನೇ ಹೇಳಿದ್ದ. ಈಗ ಎರಡೇ ಉಳಿದಿವೆ. ಎರಡೂ ನನ್ನ ಹತ್ತಿರ.

2 ಸೆಪ್ಟೆಂಬರ್, ಶುಕ್ರವಾರ. ಸೈಟು

ಬ್ರೆಟ್ ಎಂಬ ಹೊಸಬ ನಿನ್ನೆ ನೆಲ ಕೊರೆದ ಎರಡು ಕೊಳವೆಗಳ ಅದಿರಿನ ಮಾದರಿ ಚೀಲಗಳಿಗೆ ಚೀಟಿ ಅದಲು ಬದಲು ಕಟ್ಟಿಬಿಟ್ಟಿದ್ದ. ಬೆಳಗಿನ ಸಭೆಯಲ್ಲಿ ನಾನೇ ಎಲ್ಲರೆದುರು ಕೇಳಿದೆ, ಯಾರ ಕೆಲಸ ಇದು ಎಂದು. ಕೈ ಎತ್ತಿದ. "ಮೈ ಬ್ಯಾಡ್, ಮೇಟ್." ಫಾರಂ ತೆಗೆದುಕೊಂಡು ಹೋಗಿ ಹತ್ತು ನಿಮಿಷದಲ್ಲಿ ತುಂಬಿ ತಂದ. ಏನಾಯಿತು, ಏಕಾಯಿತು, ಯಾರಿಂದ. ಸಹಿ. ಆಮೇಲೆ ಕ್ಯಾಂಟೀನಿಗೆ ಹೋಗಿ ಮೂರು ಮೊಟ್ಟೆ ತಿಂದ.

ಮೂರು ಮೊಟ್ಟೆ ತಿಂದ ಎಂದು ಯಾಕೆ ಬರೆದೆನೋ. ನನಗೆ ಇತ್ತೀಚೆಗೆ ಬೆಳಿಗ್ಗೆ ಏನೂ ಸೇರುವುದಿಲ್ಲ.

21 ಸೆಪ್ಟೆಂಬರ್, ಬುಧವಾರ. ಪರ್ತ್

ಸಂಕೇತ ಫೋನ್ ಮಾಡಿದ್ದ. ನಮ್ಮ ಕಂಪನಿಯಲ್ಲೇ ಅವನಿಗೆ ಕೆಲಸ ಆಗಿತ್ತು, ನನ್ನದೇ ಶಿಫಾರಸು. ಡಿಸೆಂಬರಿನಲ್ಲಿ ಸೇರಬೇಕಿತ್ತು. ಮೊನ್ನೆ ಮೆಡಿಕಲ್ ಪರೀಕ್ಷೆಯಂತೆ. ಮಂಡಿ ಅರ್ಧಕ್ಕಿಂತ ಹೆಚ್ಚು ಬಾಗುವುದಿಲ್ಲ, ಏಣಿ ಹತ್ತಲಾಗುವುದಿಲ್ಲ. ಸೈಟಿನ ಕೆಲಸಕ್ಕೆ ಆಗದು ಎಂದರಂತೆ. ಇನ್ನು ಮೇಲೂ ಅಷ್ಟೇ ಎಂದು ವೈದ್ಯರೂ ಹೇಳಿದ್ದಾರೆ.

"ಸಾರಿ ಅಂಕಲ್, ನಿಮ್ಮ ಹೆಸರು ಕೆಡಿಸ್ಬಿಟ್ಟೆ" ಎಂದ.

ಫೋನ್ ಕಟ್ಟಾಯಿತೇನೋ ಎಂದು ಅವನು ಎರಡು ಸಲ "ಅಂಕಲ್? ಅಂಕಲ್?" ಎಂದ.

"ಪೂರ್ವಿ ಹೇಗಿದಾಳೆ?" ಎಂದು ಕೇಳಿದ.

22 ಸೆಪ್ಟೆಂಬರ್

ಅವನು ಕ್ಷಮೆ ಕೇಳಿದ. ನನ್ನನ್ನು.

10 ಅಕ್ಟೋಬರ್, ಸೋಮವಾರ. ಆಯುಧಪೂಜೆ

ಗ್ಯಾರೇಜಿನಲ್ಲಿ ಬೆಳಿಗ್ಗೆಯಿಂದ ಸುಲೋಚನಾಳ ದರ್ಬಾರು. ಕಾರು, ಹುಲ್ಲು ಕತ್ತರಿಸುವ ಮಿಷಿನ್ನು, ಕಲ್ಲು ಒಡೆಯುವ ನನ್ನ ಸುತ್ತಿಗೆ, ಲ್ಯಾಪ್‌ಟಾಪು, ಎಲ್ಲಕ್ಕೂ ಸ್ನಾನ ಆಗಬೇಕು, ಕುಂಕುಮ ಬೀಳಬೇಕು. ಮೂಲೆಯಲ್ಲಿ ನಿಂತಿದ್ದ ನನ್ನ ಸರ್ಫ್ ಹಲಗೆಯನ್ನೂ ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದಿದ್ದಳು. ಆಯುಧ ಅಂದಮೇಲೆ ಕೋಪ ಮಾಡಿಕೊಂಡು ಮೂಲೆಗೆ ಹಾಕಬಾರದಂತೆ.

ಟೂಲ್ ಬಾಕ್ಸು ತೊಳೆಯಲೆಂದು ಪೂರ್ತಿ ಬೋರಲು ಹಾಕಿದಳು. ಸ್ಪ್ಯಾನರುಗಳ ಕೆಳಗಿನಿಂದ ಎರಡು ಹಾಳೆ ಬಿದ್ದವು.

"ಇದೇನ್ರೀ, ಎರಡೆರಡು? ಇದು ಪೂರ್ವಿ ಫ್ರಿಜ್ ಮೇಲಿದ್ದದ್ದು ಅಲ್ವಾ? ವಿಡಿಯೋ ಕಾಲಲ್ಲಿ ನೋಡಿದೀನಿ. ಕಳೆದುಹೋಯ್ತು ಅಂತ ಅವಳು ಇಡೀ ಮನೆ ಹುಡುಕಿದಾಳೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆಕೆ ಕಳ್ಳ ಎಂದೂ ಅಂದಿರಲಿಲ್ಲ. ಅಲ್ಲೇ ಹುಲ್ಲಿನ ಮಿಷಿನ್ನಿನ ಪಕ್ಕ ಕೂತು ಎಲ್ಲ ಹೇಳಿದೆ. ಬ್ರಿಸ್ಬೇನಿನ ಲ್ಯಾಪ್‌ಟಾಪು, ಮೂರು ಗಂಟೆ, ಊಟಕ್ಕೆ ಕೂಗಿದ್ದು, ಮುದುಕನ ಶಿಳ್ಳೆ.

ಸುಲೋಚನಾ ಬೈಯುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗಿಟ್ಟು, "ತಪ್ಪು ಬರೆದದ್ದಕ್ಕೆ ಯಾರೂ ಏನೂ ಅಂತಿರಲಿಲ್ಲ ರೀ. ಮನುಷ್ಯರು ಬರೀತಾರೆ, ತಪ್ಪಾಗುತ್ತೆ. ಮೂರು ತಿಂಗಳು ಆ ಹುಡುಗನ ತಲೆ ಮೇಲೆ ಹೇರಿದ್ರಲ್ಲ" ಎಂದಳು. ಹಾಳೆಗಳನ್ನು ನನ್ನ ಕೈಗಿಟ್ಟು, "ನಾಳೆ ಬನ್ನಿ ಹಬ್ಬ. ಫೋನಲ್ಲಿ ಬೇಡ. ಹೋಗಿ, ಮುಖ ತೋರಿಸಿ ಹೇಳಿ."

ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆದಿದ್ದೇನೆ.

11 ಅಕ್ಟೋಬರ್, ಮಂಗಳವಾರ. ಅಡಿಲೇಡ್

ಮಾಡ್ಬರಿಯಲ್ಲಿ ಶಿವರುದ್ರಪ್ಪನವರ ಮನೆ. ದಾವಣಗೆರೆಯವರು, ಹಬ್ಬ ಬಿಡುವವರಲ್ಲ. ಇಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ಹಿತ್ತಲಿನ, ಜಾಲಿ ಜಾತಿಯ ವಾಟಲ್ ಗಿಡದ ಸಣ್ಣ ಎಲೆಗಳನ್ನೇ ಕಿತ್ತು, ಪೂಜೆ ಮಾಡಿ, ಸಂಕೇತನ ತಾಯಿ ಅನುಸೂಯಾ ಅವರು ತಟ್ಟೆಯಲ್ಲಿ ಇಟ್ಟಿದ್ದರು. ನನ್ನನ್ನು ನೋಡಿ ಆ ತಾಯಿಗೆ ಎಷ್ಟು ಸಂತೋಷ. ಮುರಿದ ಮಾತು ಕೂಡಿಸಲು ಬಂದಿದ್ದೇನೆ ಎಂದುಕೊಂಡರು. "ಬನ್ನಿ ಈರಣ್ಣನವ್ರೇ, ಬನ್ನಿ. ಹಬ್ಬದ ದಿನ ಬಂದ್ರಿ, ಅದೇ ದೊಡ್ಡದು."

ಸಂಕೇತ ಒಳಗಿನಿಂದ ಕೋಲು ಊರಿಕೊಂಡು ಬಂದ. ತೆಳ್ಳಗಾಗಿದ್ದಾನೆ. ತಟ್ಟೆಯಿಂದ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟ. "ಬನ್ನಿ ತಗೊಂಡು ಬಂಗಾರದ ಹಾಗೆ ಇರೋಣ ಅಂಕಲ್" ಎಂದು, ಕೋಲನ್ನು ಗೋಡೆಗೆ ಒರಗಿಸಿ ಕಾಲಿಗೆ ಬೀಳಲು ನೋಡಿದ. ಮಂಡಿ ಬಾಗಲಿಲ್ಲ. ಬಲಗಾಲನ್ನು ಪಕ್ಕಕ್ಕೆ ಚಾಚಿ, ಮೇಜಿನ ಅಂಚು ಹಿಡಿದು, ಬೆವರುತ್ತಾ ಬಗ್ಗುತ್ತಿದ್ದ.

ಅವನ ಎರಡೂ ಭುಜ ಹಿಡಿದು ನಿಲ್ಲಿಸಿದೆ. ಅಭ್ಯಾಸ ಮಾಡಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಬೇಡಪ್ಪಾ. ನನ್ನ ಕಾಲು ಮುಟ್ಟಬೇಡ. ಹಾಳೆ ನಾನು ತಪ್ಪು ಬರೆದಿದ್ದೆ. ಬ್ರಿಸ್ಬೇನ್ ಟೈಮನ್ನ ದ್ವೀಪದ ಟೈಮು ಅಂದ್ಕೊಂಡೆ. ಮೂರು ಗಂಟೆ ತಪ್ಪು. ನಾನು ನಿನ್ನ ಕೂಗಿದ್ದು ಊಟಕ್ಕೆ, ಅಪಾಯ ಇದೆ ಅಂತ ಅಲ್ಲ. ದೋಣಿಯವನು ಅಪಾಯ ಅಂತ ಶಿಳ್ಳೆ ಹಾಕಿದಾಗ ಅವನನ್ನೂ ನಾನೇ ಸುಮ್ಮನಿರಿಸಿದೆ. ಜುಲೈ ಹದಿನೇಳರಿಂದ ನನಗೆ ಗೊತ್ತು. ಯಾರಿಗೂ ಹೇಳಲಿಲ್ಲ."

ಹಾಳೆಯನ್ನು ಅವನ ಕೈಗೆ ಕೊಟ್ಟೆ.

ಮೊದಲು ಮಾತಾಡಿದವರು ಶಿವರುದ್ರಪ್ಪನವರು. ದನಿ ಏರಿಸಲಿಲ್ಲ. "ಮೂರು ತಿಂಗಳಿಂದ ದಿನಾ ಇವನಿಗೆ ಬೈದಿದೀನಿ ಈರಣ್ಣನವ್ರೇ. ದೊಡ್ಡವರ ಮಾತು ಕೇಳಿದ್ರೆ ಹೀಗಾಗ್ತಿರಲಿಲ್ಲ ಅಂತ. ಊಟಕ್ಕೆ ಕೂತಾಗೆಲ್ಲಾ ಬೈದಿದೀನಿ."

ಸಂಕೇತ ಹಾಳೆಯನ್ನೇ ನೋಡುತ್ತಿದ್ದ. ಜುಲೈ ಆರರ ಸಾಲಿನ ಮೇಲೆ ಬೆರಳಿಟ್ಟು ಬಾಯಲ್ಲೇ ಲೆಕ್ಕ ಹಾಕಿದ.

"ಅಂದ್ರೆ ಬೆಳಿಗ್ಗೆ ಎಂಟೂವರೆಗೆ ಹೈ ಟೈಡ್ ಇತ್ತಾ ಅಂಕಲ್?"

"ಇತ್ತು."

"ನಾನು ಹೇಳಿದ್ದೆ ಅಲ್ವಾ? ತುಂಬಿದೆ ಅಂತ?"

"ಹೇಳಿದ್ದೆ. ನಾನೇ ಕೂರಿಸಿದೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಅಳತೊಡಗಿದ. ಇಪ್ಪತ್ತನಾಲ್ಕು ವರ್ಷದ ಗಂಡುಹುಡುಗ, ತಾಯಿಯ ಸೆರಗು ಹಿಡಿದ ಮಗುವಿನ ಹಾಗೆ ಅತ್ತ. "ಕಾಲಿಗಲ್ಲ ಅಂಕಲ್. ಹನ್ನೆರಡು ವರ್ಷದಿಂದ ನೀರಲ್ಲಿದೀನಿ. ನಂಗೆ ನೀರು ನೋಡೋಕೇ ಬರಲ್ಲ ಅಂದ್ಕೊಂಡ್ಬಿಟ್ಟಿದ್ದೆ. ನನ್ನ ಕಣ್ಣೇ ಸರಿ ಇಲ್ಲ ಅಂತ. ರಸ್ತೆ ದಾಟೋಕೂ ಎರಡೆರಡು ಸಲ ನೋಡ್ತೀನಿ ಈಗ."

ನಾನು ಅವನ ಮಂಡಿಯನ್ನು ಒಡೆದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಏನನ್ನು ಒಡೆದಿದ್ದೇನೆಂದು ಗೊತ್ತೇ ಇರಲಿಲ್ಲ.

ಅನುಸೂಯಾ ಅವರು ಅವನ ತಲೆ ಸವರುತ್ತಾ ನನ್ನ ಕಡೆ ನೋಡಲಿಲ್ಲ. ಅವನೇ ಮುಖ ಒರೆಸಿಕೊಂಡು, "ಈಗ ಹೋಗಿ ಅಂಕಲ್. ಪ್ಲೀಸ್" ಎಂದ.

ಎಲೆ ನನ್ನ ಅಂಗೈಯಲ್ಲೇ ಇತ್ತು. ತಟ್ಟೆಯಲ್ಲಿ ವಾಪಸ್ ಇಟ್ಟು ಬಂದೆ.

ರಸ್ತೆಯ ಬಸ್‌ಸ್ಟಾಪಿನಿಂದಲೇ ಪೂರ್ವಿಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ತಪ್ಪಿನ ವಿಷಯ, ಸುಳ್ಳಿನ ವಿಷಯ ಒಂದೂ ಕೇಳಲಿಲ್ಲ. "ಫ್ರಿಜ್ಜಿಂದ ನೀನೇ ತಗೊಂಡ್ಯಾ ಅಪ್ಪಾ?" ಎಂದಳು. ಹೌದು ಎಂದೆ. ಇಟ್ಟುಬಿಟ್ಟಳು.

12 ಅಕ್ಟೋಬರ್, ಬುಧವಾರ. ವಿಮಾನದಲ್ಲಿ

ಅಡಿಲೇಡಿನಿಂದ ಪರ್ತಿಗೆ ಹೋಗುವಾಗ ಗಡಿಯಾರವನ್ನು ಎರಡೂವರೆ ಗಂಟೆ ಹಿಂದಕ್ಕೆ ತಿರುಗಿಸಬೇಕು. ತಿರುಗಿಸಿದೆ. ನನಗೆ ಬೇಕಾಗಿದ್ದದ್ದು ಮೂರು.

19 ಅಕ್ಟೋಬರ್, ಬುಧವಾರ. ಪರ್ತ್

ಪೂರ್ವಿ ಭಾನುವಾರ ಅಡಿಲೇಡಿಗೆ ಹೋಗಿದ್ದಾಳೆಂದು ಸುಲೋಚನಾ ಹೇಳಿದಳು. ತಾಯಿಗೆ ದಿನವೂ ಫೋನ್ ಬರುತ್ತದೆ. ನಾನು ಪಕ್ಕದ ಕೋಣೆಯಿಂದ ಮಗಳ ದನಿ ಕೇಳುತ್ತೇನೆ. ಅವರಿಬ್ಬರ ವಿಷಯ ಏನಾಯಿತೆಂದು ಕೇಳುವ ಬಾಯಿ ನನಗಿಲ್ಲ. ಮಾಡಿದ್ದುಣ್ಣೋ ಮಹರಾಯ.

ಕಂಪನಿಗೆ ಪತ್ರ ಬರೆದೆ. ಸೈಟಿಗೆ ಆಗದಿದ್ದರೆ ಪರ್ತಿನ ಆಫೀಸಿನಲ್ಲಿ, ನಕ್ಷೆ ಮಾಡುವ ವಿಭಾಗದಲ್ಲಿ ಅವನನ್ನು ನೋಡಿ ಎಂದು. ಅವನ ಅಪಘಾತ ಹೇಗಾಯಿತೆಂದು ನನ್ನ ಹೆಸರು ಹಾಕಿಯೇ ಬರೆದೆ. ಅವನಿಗೆ ತಿಳಿಸಿಲ್ಲ. ಕೆಲಸ ಆದರೆ ಆಗಲಿ.

ಸಂಜೆ ಫೋನು ಸದ್ದು ಮಾಡಿತು. ಸಂಕೇತ. ಎಂಟು ದಿನದ ಮೇಲೆ ಒಂದೇ ಸಾಲಿನ ಸಂದೇಶ: "ಅಂಕಲ್, ಅವತ್ತು ಬೆಳಿಗ್ಗೆ ಮೆಟ್ಟಿಲ ಹತ್ರ ಒಂದು ಫೋಟೋ ತೆಗೆದಿದ್ರಿ. ನೀರು ಕಾಣೋದು. ಕಳಿಸ್ತೀರಾ?"

ಕಳಿಸಿದೆ. ಅವನು, ನನ್ನ ಮಗಳು, ಎರಡು ಅವಲಕ್ಕಿ ತಟ್ಟೆ, ಹಿಂದೆ ಕೊನೆಯ ಮೆಟ್ಟಿಲಿನವರೆಗೆ ತುಂಬಿ ನಿಂತ ನೀರು. ಕೆಳಗೆ ಗಂಟೆಯನ್ನಷ್ಟೇ ಬರೆದೆ. ಬೆಳಿಗ್ಗೆ 8:40, ದ್ವೀಪದ ಸಮಯ.